ರಬ್ಬರ್ ಭೂತಕ್ಕೆ ಕೊಬ್ಬರಿ ಎಣ್ಣೆ ಹಚ್ಚಬೇಡಿ

ಕಳೆದ ಸಂಚಿಕೆಯಲ್ಲಿ ನನ್ನ ಬೀರುವಿನಲ್ಲಿರುವ ರಬ್ಬರ್ ಭೂತಗಳ ಬಗ್ಗೆ ನಾಲ್ಕು ಮಾತು ಬರೆದಿದ್ದೆ. ಒಳಗೆ ಕೈ ಹಾಕಿ ಬಾಯಿ ಆಡಿಸುವ ಕೈಗೊಂಬೆಗಳು, ಬೆರಳಿಗೆ ಸಿಕ್ಕಿಸುವ ಪುಟ್ಟ ಭೂತಗಳು, ಹೆಬ್ಬೆರಳ ಗಾತ್ರದ ಮರಿ ರಾಕ್ಷಸರು. ಇಂಥದ್ದನ್ನೆಲ್ಲ ಕೂಡಿಡುವವನು ಊರಿಗೆ ನಾನೊಬ್ಬನೇ ಅಂದುಕೊಂಡಿದ್ದೆ. ಹಾಗಲ್ಲ ಅಂತ ನಿಮ್ಮ ಪತ್ರಗಳು ಹೇಳಿದವು. ಬೆಂಗಳೂರಿನ ಅಟ್ಟಗಳಲ್ಲಿ ಬೇಕಾದಷ್ಟು ಭೂತಗಳಿವೆ. ಈ ಸಲ ಆರು ಪತ್ರಗಳಿಗೆ ಉತ್ತರ ಬರೆದಿದ್ದೇನೆ.

ಹೊಸದಾಗಿ ಓದುವವರಿಗೆ ಒಂದು ಮಾತು. ನಾನು ಪೀಣ್ಯದ ಒಂದು ರಬ್ಬರ್ ಮೋಲ್ಡಿಂಗ್ ಘಟಕದಲ್ಲಿ 31 ವರ್ಷ ಕೆಲಸ ಮಾಡಿದವನು. ಬುಷ್, ಗ್ಯಾಸ್ಕೆಟ್, ಆಯಿಲ್ ಸೀಲ್ ಥರದ ಯಂತ್ರದ ಬಿಡಿಭಾಗ ಮಾಡುತ್ತಿದ್ದೆವು. ಆಟಿಕೆ ಯಾವತ್ತೂ ಮಾಡಲಿಲ್ಲ. ಆದರೆ ರಬ್ಬರ್ ಹೇಗೆ ಹಾಳಾಗುತ್ತೆ ಅನ್ನೋದು ಕಣ್ಣು ಮುಚ್ಚಿ ಮುಟ್ಟಿದರೂ ನನಗೆ ಗೊತ್ತಾಗುತ್ತೆ.

ಪ್ರಶ್ನೆ: ಅಟ್ಟ ಗುಡಿಸುವಾಗ ಒಂದು ರಬ್ಬರ್ ಮುಖ ಸಿಕ್ಕಿತು. ಕಂದು ಬಣ್ಣ, ದಪ್ಪ ತುಟಿ, ಉಬ್ಬಿದ ಕಣ್ಣು. ಹಿಂದಿನಿಂದ ಕೈ ಹಾಕಬಹುದು. ಕಣ್ಣು ಆಚೀಚೆ ಹೊರಳುತ್ತೆ. ನಮ್ಮ ಚಿಕ್ಕಪ್ಪ 1988ರಲ್ಲಿ ಅಮೆರಿಕದಿಂದ ಬಂದಾಗ ನನಗೆ ತಂದುಕೊಟ್ಟದ್ದು. ಡಬ್ಬ ಇಲ್ಲ. ಇದೇನು ಸಾರ್? ಬೆಲೆ ಬಾಳುತ್ತಾ?
— ಆರ್. ಎಸ್., ವಿಜಯನಗರ

ನೀವು ಹೇಳಿದ ಗುರುತು, ವರ್ಷ ಎರಡೂ ನೋಡಿದರೆ ಅದು ಬಾಗ್ಲಿನ್ ಇರಬೇಕು. ‘ಬಾಗ್’ ಅಂದರೆ ಜೌಗು ನೆಲ. ‘ಗಾಬ್ಲಿನ್’ ಅಂದರೆ ನಮ್ಮ ಗುಮ್ಮನ ಥರ ಒಂದು ಕುಳ್ಳ ಭೂತ. ಎರಡೂ ಸೇರಿ ಬಾಗ್ಲಿನ್. ಅಮೆರಿಕದ ಮಟೆಲ್ ಕಂಪನಿ 1987ರಲ್ಲಿ ಇದನ್ನು ಅಂಗಡಿಗೆ ತಂತು. ರೂಪಿಸಿದವರು ಮೂವರು: ಟಿಮ್ ಕ್ಲಾರ್ಕ್, ಮೊರೀನ್ ಟ್ರಾಟೊ, ಲ್ಯಾರಿ ಮಾಸ್. ಇದೇ ಮೂವರು ಅದಕ್ಕೂ ಮೊದಲು, 1985ರಲ್ಲಿ ಬಂದ ಸೆಕ್ಟಾರ್ಸ್ ಅನ್ನೋ ಆಟಿಕೆಯನ್ನೂ ಮಾಡಿದ್ದರು. ಅದು ಕೊಲೆಕೊ ಕಂಪನಿಯದು. ಅದರಲ್ಲಿ ಯೋಧರು ದೊಡ್ಡ ದೊಡ್ಡ ಹುಳುಗಳ ಮೇಲೆ ಸವಾರಿ ಮಾಡುತ್ತಾರೆ. ಆ ಹುಳುವಿನೊಳಗೆ ಕೈ ತೂರಿಸಿದರೆ ನಿಮ್ಮ ಬೆರಳುಗಳೇ ಹುಳುವಿನ ಕಾಲು. ಕೈಯನ್ನೇ ಒಂದು ಜೀವ ಮಾಡಿಬಿಡುವ ಆ ಯೋಚನೆಯೇ ಬೆಳೆದು ಬಾಗ್ಲಿನ್ ಆಯಿತು ಅಂತ ನನಗೆ ಅನ್ನಿಸುತ್ತೆ.

ಮೊದಲು ಬಂದ ದೊಡ್ಡ ಬಾಗ್ಲಿನ್‌ಗಳು ಮೂರು: ಡ್ವೋರ್ಕ್, ವ್ಲಾಬ್, ಡ್ರೂಲ್. ರಟ್ಟಿನ ಪಂಜರದಲ್ಲಿ ಕೂರಿಸಿ ಮಾರುತ್ತಿದ್ದರು. ಮುಂದೆ ಕಂಬಿ, ಕಂಬಿಯ ಹಿಂದೆ ಈ ಮುಖ. ಆ ಕಾಲದ ಮಕ್ಕಳು ಪಂಜರವನ್ನೂ ಆಟಕ್ಕೇ ಬಳಸಿದರು, ಹರಿದು ಹಾಕಿದರು. ಹಾಗಾಗಿ ಪಂಜರ ಸಮೇತ ಸಿಗೋದು ಕಷ್ಟ. ಸಿಕ್ಕಿದರೆ ಬೆಲೆಯೇ ಬೇರೆ.

ಬೆಲೆ ಎಷ್ಟು ಅಂತ ನಾನು ಹೇಳೋದಿಲ್ಲ. ಪತ್ರ ಓದಿ ಬೆಲೆ ಹೇಳೋದು ಸರಿಯಲ್ಲ, ವಸ್ತು ಕೈಗೆ ತಗೊಂಡು ನೋಡಬೇಕು. ಏನೇನು ನೋಡಬೇಕು ಅಂತ ಹೇಳ್ತೀನಿ, ನೀವೇ ನೋಡಿ. ಹಗಲು ಬೆಳಕಿನಲ್ಲಿ ಕಿಟಕಿ ಹತ್ತಿರ ಕೂತ್ಕೊಳ್ಳಿ. ಮೊದಲು ಬಾಯಿಯ ಎರಡು ಮೂಲೆ. ಬಾಯಿ ತೆರೆದು ಮುಚ್ಚುವಾಗ ಎಳೆತವೆಲ್ಲ ಬೀಳೋದು ಅಲ್ಲೇ. ಕೂದಲೆಳೆಯಷ್ಟು ಸೀಳು ಇದ್ದರೂ ಬೆರಳಿಗೆ ಸಿಗುತ್ತೆ. ಆಮೇಲೆ ಕಣ್ಣು. ಕಣ್ಣು ಗಟ್ಟಿ ಪ್ಲಾಸ್ಟಿಕ್ಕಿನದು, ಒಳಗಿನಿಂದ ಬೆರಳಲ್ಲಿ ತಳ್ಳಿ ಹೊರಳಿಸೋದು. ಬಿಗಿಯಾಗಿದ್ದರೆ ಬಲ ಹಾಕಬೇಡಿ. ಒಂದು ಸಲ ಮುರಿದರೆ ರಬ್ಬರ್ ಕುಯ್ಯದೆ ರಿಪೇರಿ ಮಾಡಕ್ಕಾಗಲ್ಲ. ಕೊನೆಗೆ ಕೈ ಹಾಕುವ ಅಂಚು. ಎಲ್ಲರೂ ಹಿಡಿದು ಎಳೆದಿರೋದು ಅಲ್ಲೇ ಅಲ್ವಾ, ತೆಳ್ಳಗಾಗಿರುತ್ತೆ.

ಇನ್ನೊಂದು ವಿಷಯ ಜಾಸ್ತಿ ಜನಕ್ಕೆ ಗೊತ್ತಿಲ್ಲ. ಆಟಿಕೆಯ ಮೇಲೆ ಅಚ್ಚಾಗಿರುವ ಇಸವಿ ಅದನ್ನು ತಯಾರಿಸಿದ ಇಸವಿ ಅಲ್ಲ. ಅದು ಕಾಪಿರೈಟ್ ಇಸವಿ. ಡೈ, ಅಂದರೆ ರಬ್ಬರ್ ತುಂಬುವ ಲೋಹದ ಅಚ್ಚು, ಒಂದು ಸಲ ಕೊರೆದರೆ ಆಯಿತು, ಮುಂದೆ ಎಷ್ಟು ವರ್ಷ ಅದರಲ್ಲಿ ಮಾಲು ತೆಗೆದರೂ ಅದೇ ಇಸವಿ ಬೀಳುತ್ತೆ. ಹಾಗಾಗಿ ‘ಇಸವಿ ಇದೆ, ಒರಿಜಿನಲ್’ ಅಂತ ಯಾರಾದರೂ ಹೇಳಿದರೆ ಅಷ್ಟಕ್ಕೇ ಒಪ್ಪಬೇಡಿ. ಇತ್ತೀಚೆಗೆ ಟಿಮ್ ಕ್ಲಾರ್ಕ್ ಅವರೇ ಬಾಗ್ಲಿನ್‌ಗಳನ್ನು ಹೊಸದಾಗಿ ಮತ್ತೆ ತಂದಿದ್ದಾರೆ. ಅವುಗಳಲ್ಲಿ ಕೆಲವುಗಳ ಹೆಸರಿನ ಮುಂದೆ ‘ಕಿಂಗ್’ ಅಂತ ಇರುತ್ತೆ. ಅವೂ ಚೆನ್ನಾಗಿವೆ. ಆದರೆ ನಿಮ್ಮ ಚಿಕ್ಕಪ್ಪ ಸೂಟ್‌ಕೇಸಿನಲ್ಲಿ ತಂದದ್ದು ಅದಲ್ಲ. ಮಾರಬೇಡಿ ಅಂತ ನನ್ನ ಮಾತು.

ಪ್ರಶ್ನೆ: ನನ್ನ ಹತ್ತಿರ ಎರಡು ಹಳೇ ರಬ್ಬರ್ ಕೈಗೊಂಬೆ ಇವೆ. ಒಂದಕ್ಕೆ ಹೊಳಪು ಬರಲಿ ಅಂತ ಅಮ್ಮ ಕೊಬ್ಬರಿ ಎಣ್ಣೆ ಹಚ್ಚಿ ಒರೆಸಿದರು. ಎರಡು ದಿನ ಚೆನ್ನಾಗಿತ್ತು. ಈಗ ಮುಟ್ಟಿದರೆ ಬೆಲ್ಲದ ಪಾಕದ ಹಾಗೆ ಅಂಟುತ್ತೆ, ಮೂಗು ಊದಿಕೊಂಡಿದೆ. ಇನ್ನೊಂದು ಎಣ್ಣೆ ಹಚ್ಚದೆಯೂ ಅಂಟುತ್ತಿದೆ. ಏನು ಮಾಡಲಿ?
— ಕೆ. ಎನ್., ರಾಜಾಜಿನಗರ

ಈ ಪತ್ರ ಓದಿ ನನಗೆ ತುಂಬಾ ಬೇಜಾರಾಯಿತು. ಅಮ್ಮನ ಮೇಲೆ ಕೋಪ ಮಾಡ್ಕೋಬೇಡಿ. ನಮ್ಮ ಮನೆಗಳಲ್ಲಿ ಬಾಗಿಲ ಕೀಲಿಗೂ ಕೊಬ್ಬರಿ ಎಣ್ಣೆ, ತಲೆಗೂ ಕೊಬ್ಬರಿ ಎಣ್ಣೆ. ರಬ್ಬರ್ ಎಣ್ಣೆ ಕುಡಿಯುತ್ತೆ ಅಂತ ಅವರಿಗೆ ಯಾರು ಹೇಳಬೇಕಿತ್ತು?

ನಾವು ಎಲ್ಲದಕ್ಕೂ ರಬ್ಬರ್ ಅಂತ ಒಂದೇ ಹೆಸರು ಹೇಳ್ತೀವಿ. ಹಳೇ ಭೂತಗಳಲ್ಲಿ ಕನಿಷ್ಠ ಮೂರು ಜಾತಿ ಇವೆ. ನಿಮ್ಮದು ಯಾವ ಜಾತಿ ಅಂತ ಗೊತ್ತಾಗದೆ ಏನೂ ಹಚ್ಚಬೇಡಿ, ಏನೂ ಅಂಟಿಸಬೇಡಿ. ನಾನು ಈ ಅಂಕಣದಲ್ಲಿ ಬೇರೇನೂ ಹೇಳದಿದ್ದರೂ ಇದೊಂದನ್ನು ಹೇಳುತ್ತಲೇ ಇರ್ತೀನಿ.

ಮೊದಲನೆಯದು ಮರದ ಹಾಲಿನ ರಬ್ಬರ್. ಗಂಧಕ ಸೇರಿಸಿ ಬೇಯಿಸಿ ಗಟ್ಟಿ ಮಾಡಿರುತ್ತಾರೆ, ವಲ್ಕನೈಸ್ ಅಂತಾರಲ್ಲ, ಅದು. ಸೈಕಲ್ ಟ್ಯೂಬಿನ ವಾಸನೆ ಬರುತ್ತೆ. ಗಾಳಿ, ಬಿಸಿಲು, ಓಜೋನ್ ಇದಕ್ಕೆ ಆಗೋದಿಲ್ಲ. ಮೊದಲು ಸಣ್ಣ ಸಣ್ಣ ಬಿರುಕು ಬರುತ್ತೆ. ಕೆಲವು ಒಣಗಿ ಹಪ್ಪಳದ ಹಾಗೆ ಮುರಿಯುತ್ತವೆ, ಕೆಲವು ಕರಗಿ ಅಂಟಾಗುತ್ತವೆ. ಹಾಗಾದ ಮೇಲೆ ವಾಪಸ್ ತರುವ ದಾರಿ ಇಲ್ಲ.

ಎರಡನೆಯದು ಮೆತ್ತನೆಯ ಪಿವಿಸಿ ಅನ್ನೋ ಪ್ಲಾಸ್ಟಿಕ್. ಹೊಸ ರೇನ್‌ಕೋಟ್ ಬಿಚ್ಚಿದಾಗ ಬರುತ್ತಲ್ಲ, ಆ ವಾಸನೆ. ಪಿವಿಸಿ ಹುಟ್ಟಾ ಗಟ್ಟಿ. ಮೆತ್ತಗಾಗಲಿ ಅಂತ ಅದಕ್ಕೆ ಎಣ್ಣೆಯಂಥ ಒಂದು ದ್ರವ ಸೇರಿಸುತ್ತಾರೆ. ಪ್ಲಾಸ್ಟಿಸೈಜರ್ ಅಂತ ಹೆಸರು. ವರ್ಷಗಳು ಕಳೆದ ಹಾಗೆ ಆ ದ್ರವ ಬೆವರಿನ ಹಾಗೆ ಹೊರಗೆ ಬರುತ್ತೆ. ನಿಮ್ಮ ಎರಡನೇ ಗೊಂಬೆ ಎಣ್ಣೆ ಹಚ್ಚದೆಯೂ ಅಂಟುತ್ತಿದೆ ಅಂದರೆ ಹೆಚ್ಚಾಗಿ ಇದೇ ಕಾರಣ.

ಮೂರನೆಯದು ಕ್ರೇಟಾನ್. 1960ರ ದಶಕದಲ್ಲಿ ಶೆಲ್ ಕಂಪನಿ ತಂದ ಸಿಂಥೆಟಿಕ್ ರಬ್ಬರ್ ಇದು. ಬಾಗ್ಲಿನ್‌ಗಳು ಇದರಲ್ಲೇ ಆದವು. ಇದನ್ನು ಗಂಧಕ ಹಾಕಿ ಬೇಯಿಸಬೇಕಿಲ್ಲ. ಬಿಸಿ ಮಾಡಿದರೆ ಕರಗುತ್ತೆ, ಡೈಗೆ ತುಂಬಿ ಆರಿಸಿದರೆ ಮತ್ತೆ ರಬ್ಬರ್. ಮುಟ್ಟಿದರೆ ಚರ್ಮ ಮುಟ್ಟಿದ ಹಾಗಿರುತ್ತೆ, ಅದಕ್ಕೇ ಭೂತಕ್ಕೆ ಅಷ್ಟು ಜೀವ ಬಂದದ್ದು. ಆದರೆ ಇದಕ್ಕೆ ಎಣ್ಣೆ ಶತ್ರು. ಸ್ಪಂಜಿನ ಹಾಗೆ ಹೀರಿಕೊಂಡು ಊದಿಕೊಳ್ಳುತ್ತೆ. ಮೂಗು ಊದಿದೆ ಅಂತ ಬರೆದಿದ್ದೀರಿ, ನನಗೆ ಅನುಮಾನ ಬಂದದ್ದು ಆ ಮಾತಿನಿಂದಲೇ.

ಈಗ ಮಾಡಬೇಕಾದ್ದು. ಉಗುರುಬೆಚ್ಚಗಿನ ನೀರು, ಪಾತ್ರೆ ತೊಳೆಯುವ ಲಿಕ್ವಿಡ್ ಎರಡೇ ಹನಿ. ಮಗುವಿನ ಹಲ್ಲುಜ್ಜುವ ಮೆತ್ತನೆಯ ಬ್ರಷ್ ಇದ್ದರೆ ಸಾಕು. ಬಣ್ಣ ಬಳಿದ ಕಡೆ ಬ್ರಷ್ ಬೇಡ, ಬರೀ ಬೆರಳಲ್ಲಿ ಸವರಿ. ಕಣ್ಣಿನ ಗೂಡಿಗೆ ನೀರು ಇಳಿಯದ ಹಾಗೆ ಮುಖ ಕೆಳಗೆ ಮಾಡಿ ಹಿಡಿಯಿರಿ. ತೊಳೆದು ನೆರಳಲ್ಲಿ ಒಣಗಿಸಿ. ಪೂರ್ತಿ ಒಣಗಿದ ಮೇಲೆ ಫ್ರೆಂಚ್ ಚಾಕ್ ಪುಡಿ ತೆಳ್ಳಗೆ ಸವರಿ. ಸೈಕಲ್ ಶಾಪಿನಲ್ಲಿ ಟ್ಯೂಬಿಗೆ ಹಾಕ್ತಾರಲ್ಲ, ಅದೇ ಪುಡಿ. ಜೋಳದ ಹಿಟ್ಟು ಬೇಡ, ಮಳೆಗಾಲದ ಥಂಡಿಗೆ ಬೂಸ್ಟು ಹಿಡಿಯುತ್ತೆ. ಪಿವಿಸಿ ಗೊಂಬೆ ಕೆಲವು ತಿಂಗಳಲ್ಲಿ ಮತ್ತೆ ಬೆವರುತ್ತೆ, ಮತ್ತೆ ತೊಳೆಯಿರಿ. ಎಣ್ಣೆ ಕುಡಿದ ಗೊಂಬೆಯ ಊತ ಸ್ವಲ್ಪ ಇಳಿಯಬಹುದು. ಪೂರ್ತಿ ಮೊದಲಿನ ಹಾಗೆ ಆಗೋದಿಲ್ಲ. ಸುಮ್ನೆ ಆಸೆ ಹುಟ್ಟಿಸಲಾರೆ.

ಸೀಮೆಎಣ್ಣೆ, ಪೆಟ್ರೋಲ್, ಥಿನ್ನರ್, ಉಗುರುಬಣ್ಣ ತೆಗೆಯುವ ದ್ರವ, ಇವು ಯಾವುದೂ ಹತ್ತಿರ ಬರಬಾರದು. ಸೀಳು ಬಿಟ್ಟಿದ್ದರೆ ಫೆವಿಕ್ವಿಕ್ ಕೂಡ ಬೇಡ. ಅದು ಗಾಜಿನ ಹಾಗೆ ಗಟ್ಟಿಯಾಗಿ ಕೂರುತ್ತೆ, ಪಕ್ಕದ ಮೆತ್ತನೆ ರಬ್ಬರ್ ಅದರ ಅಂಚಿಗೆ ಸಿಕ್ಕಿ ಇನ್ನೂ ಹರಿಯುತ್ತೆ. ಪಂಕ್ಚರ್ ಸಲ್ಯೂಷನ್ ಮರದ ರಬ್ಬರಿಗೆ ಮಾತ್ರ ಹಿಡಿಯುತ್ತೆ. ಪಿವಿಸಿಗೆ ಹಿಡಿಯೋದಿಲ್ಲ, ಕ್ರೇಟಾನ್ ಅನ್ನು ಕರಗಿಸಿಬಿಡುತ್ತೆ. ಹರಿದದ್ದನ್ನು ಹಾಗೇ ಬಿಟ್ಟು, ಒಳಗೆ ಹಳೇ ಬಿಳಿ ಪಂಚೆಯ ಚೂರು ತುಂಬಿ, ಎಳೆತ ಬೀಳದ ಹಾಗೆ ನೋಡಿಕೊಂಡರೆ ಅದೇ ದೊಡ್ಡ ಉಪಕಾರ.

ಪ್ರಶ್ನೆ: ಭೂತಗಳನ್ನು ನ್ಯೂಸ್‌ಪೇಪರಿನಲ್ಲಿ ಸುತ್ತಿ, ನುಸಿಗುಳಿಗೆ ಹಾಕಿ, ಥರ್ಮೋಕೋಲ್ ಡಬ್ಬದಲ್ಲಿ ಇಟ್ಟಿದ್ದೇನೆ. ಸರಿಯಾಗಿದೆಯಾ?
— ಎಂ. ವಿ., ಯಲಹಂಕ

ಇವತ್ತೇ ಬಿಚ್ಚಿ. ಪತ್ರಿಕೆಯ ಶಾಯಿ ಮೆತ್ತನೆ ರಬ್ಬರಿನೊಳಗೆ ಇಳಿಯುತ್ತೆ, ತೊಳೆದರೆ ಹೋಗಲ್ಲ. ನುಸಿಗುಳಿಗೆಯ ಆವಿ ಗಟ್ಟಿ ಪ್ಲಾಸ್ಟಿಕ್ ಕಣ್ಣುಗಳನ್ನು ಮೆತ್ತಗೆ ಮಾಡಬಹುದು. ಇನ್ನು ಥರ್ಮೋಕೋಲ್. ಇದು ನನ್ನ ಸ್ವಂತ ಗಾಯ, ಅದಕ್ಕೇ ಬಿಡಿಸಿ ಹೇಳ್ತೀನಿ.

1996ರಲ್ಲಿ ಮನೆ ಬದಲಾಯಿಸುವಾಗ ಒಂಬತ್ತು ಪಿವಿಸಿ ಮರಿಗಳನ್ನು ಥರ್ಮೋಕೋಲ್ ತಟ್ಟೆಯಲ್ಲಿ ಗುಳಿ ಮಾಡಿ ಜೋಡಿಸಿಟ್ಟೆ. ಅಲುಗಾಡದೆ ಭದ್ರವಾಗಿ ಕೂತಿವೆ ಅಂತ ಸಮಾಧಾನ. ಎರಡು ಬೇಸಿಗೆ ಕಳೆದು ತೆಗೆದೆ. ಪ್ರತಿ ಗೊಂಬೆಯ ಕೆಳಗೂ ಥರ್ಮೋಕೋಲ್ ಕರಗಿ ಗುಂಡಿ ಬಿದ್ದಿತ್ತು. ಗೊಂಬೆಯ ಬೆನ್ನಿಗೆ ಬಿಳಿ ಗೋಂದಿನಂಥದ್ದು ಹತ್ತಿಕೊಂಡಿತ್ತು. ಎಳೆದರೆ ನೂಲು ನೂಲಾಗಿ ಬಂತು. ಆಗಿದ್ದು ಇಷ್ಟೇ: ಗೊಂಬೆಯಿಂದ ಬೆವರಿದ ಪ್ಲಾಸ್ಟಿಸೈಜರ್ ಥರ್ಮೋಕೋಲನ್ನು ಕರಗಿಸಿತು. ಥರ್ಮೋಕೋಲ್ ಅಂದರೆ ಪಾಲಿಸ್ಟೈರೀನ್. ರಬ್ಬರ್ ಕೆಲಸದಲ್ಲಿದ್ದೂ ನನಗೆ ಆವತ್ತು ಅದು ಹೊಳೆಯಲಿಲ್ಲ. ಒಂಬತ್ತರಲ್ಲಿ ಉಳಿದದ್ದು ನಾಲ್ಕು.

ಡಬ್ಬ ಕೊಳ್ಳುವಾಗ ತಳ ತಿರುಗಿಸಿ ನೋಡಿ. ತ್ರಿಕೋನದೊಳಗೆ 5 ಅಂತ ಇದ್ದರೆ ಪಾಲಿಪ್ರೊಪಿಲೀನ್, ಧೈರ್ಯವಾಗಿ ತಗೊಳ್ಳಿ. 6 ಇದ್ದರೆ ಪಾಲಿಸ್ಟೈರೀನ್, ಬಿಟ್ಟುಬಿಡಿ. ಒಂದಕ್ಕೊಂದು ತಾಗದ ಹಾಗೆ ಬಿಳಿ ಹತ್ತಿ ಬಟ್ಟೆಯಲ್ಲಿ ಸುತ್ತಿ. ಬಣ್ಣದ ಬಟ್ಟೆ ಬೇಡ. ರಬ್ಬರ್ ಬ್ಯಾಂಡ್ ಹಾಕಿ ಕಟ್ಟಬೇಡಿ, ಅದು ಕರಗಿ ಗೊಂಬೆಗೇ ಹತ್ತಿಕೊಳ್ಳುತ್ತೆ. ಅಟ್ಟದಲ್ಲಿ ಇಡಬೇಡಿ. ಬೆಂಗಳೂರು ತಂಪು ಅಂತ ನಾವು ಹೇಳಿಕೊಳ್ತೀವಿ, ಆದರೆ ಏಪ್ರಿಲ್‌ನಲ್ಲಿ ತಾರಸಿ ಕೆಳಗಿನ ಅಟ್ಟಕ್ಕೆ ಕೈ ಹಾಕಿ ನೋಡಿ. ಬೀರುವಿನ ಕೆಳಗಿನ ಖಾನೆ ಒಳ್ಳೇದು.

ಪ್ರಶ್ನೆ: ದೊಡ್ಡ ಕೈಗೊಂಬೆ ಕೊಳ್ಳುವಷ್ಟು ದುಡ್ಡಿಲ್ಲ, ಬಾಡಿಗೆ ಮನೆಯಲ್ಲಿ ಜಾಗವೂ ಇಲ್ಲ. ಮರಿ ರಾಕ್ಷಸರನ್ನು ಮಾತ್ರ ಕೂಡಿಸೋಣ ಅಂತಿದ್ದೇನೆ. ಎಲ್ಲಿಂದ ಶುರು ಮಾಡಲಿ? ನನಗೆ ಸಿಕ್ಕಿದ ಒಂದು ಮರಿಯ ಹೆಸರು ಕಾಳಿ ಅಂತ ಗೊತ್ತಾಯಿತು. ಅದನ್ನು ಇಟ್ಟುಕೊಳ್ಳಬಹುದಾ?
— ಪಿ. ಜಿ., ಕೆಂಗೇರಿ ಉಪನಗರ

ಒಳ್ಳೇ ಯೋಚನೆ. ಒಂದು ಬೂಟಿನ ಡಬ್ಬದಷ್ಟು ಜಾಗದಲ್ಲಿ ಒಂದು ಸೈನ್ಯ ಇಡಬಹುದು.

ಬಾಗ್ಲಿನ್‌ಗಳಿಗೂ ಮಿನಿ ಬಾಗ್ಲಿನ್ ಅಂತ ಮರಿಗಳು ಬಂದವು. ಅವುಗಳೊಳಗೆ ಕೈ ಹಾಕಕ್ಕಾಗಲ್ಲ, ಅಂಗೈಯಲ್ಲಿ ಕೂರುವ ಗಟ್ಟಿ ಗೊಂಬೆಗಳು. ಆದರೆ ಈ ಮರಿಗಳ ಹುಚ್ಚು ಶುರುವಾದದ್ದು ಜಪಾನಿನಲ್ಲಿ. ಅಲ್ಲಿ ಇಂಥ ಗೊಂಬೆಗೆ ಕೇಶಿ ಅಂತಾರೆ. ಕೇಶಿಗೊಮು ಅಂದರೆ ಜಪಾನಿ ಭಾಷೆಯಲ್ಲಿ ಪೆನ್ಸಿಲ್ ಗೀಟು ಅಳಿಸುವ ರಬ್ಬರ್. ಹೆಸರು ಹಾಗಿದ್ದರೂ ಇವು ಅಳಿಸೋದಿಲ್ಲ, ಪುಸ್ತಕ ಹಾಳು ಮಾಡುತ್ತವೆ. ಬಂಡೈ ಕಂಪನಿಯ ಕುಸ್ತಿಪಟು ಕೇಶಿಗಳನ್ನು ಮಟೆಲ್ 1985ರಲ್ಲಿ ಅಮೆರಿಕಕ್ಕೆ ಮಸಲ್ ಅನ್ನೋ ಹೆಸರಲ್ಲಿ ತಂತು. ಹೆಚ್ಚಿನವು ಮೈಬಣ್ಣದ ಗುಲಾಬಿ. ಒಟ್ಟು 236 ಥರ. 1988ಕ್ಕೆ ಮಾರಾಟ ನಿಂತಿತು. 236 ಅನ್ನೋದು ಒಂದು ಆಯುಷ್ಯದಲ್ಲಿ ಮುಗಿಸಬಹುದಾದ ಲೆಕ್ಕ, ಅದಕ್ಕೇ ಶುರು ಮಾಡುವವರಿಗೆ ನಾನು ಇದನ್ನೇ ಹೇಳೋದು.

ಮರಿಗಳನ್ನು ಗುರುತಿಸಲು ನನ್ನ ಹಳೇ ಪರೀಕ್ಷೆ ಒಂದಿದೆ. ಸ್ಟೀಲ್ ಲೋಟದಲ್ಲಿ ನೀರು ತಗೊಂಡು ಮರಿಯನ್ನು ಒಳಗೆ ಬಿಡಿ. ಮೈಗೆ ಹತ್ತಿದ ಗಾಳಿಗುಳ್ಳೆಗಳನ್ನು ಬೆರಳಲ್ಲಿ ಸವರಿ ಬಿಡಿಸಿ. ತಳಕ್ಕೆ ಹೋಗಿ ಕೂತರೆ ಹೆಚ್ಚಾಗಿ ಪಿವಿಸಿ. ತೇಲಿದರೆ ಬೇರೆ ಜಾತಿ. ಆಮೇಲೆ ಒರೆಸಿ ಬೆಳಕಿಗೆ ಹಿಡಿದು ಪಕ್ಕದ ಗೆರೆ ನೋಡಿ. ಡೈಯ ಎರಡು ಹೋಳು ಕೂಡುವ ಕಡೆ ತೆಳುವಾದ ರಬ್ಬರ್ ಪೊರೆ ಉಳಿದಿರುತ್ತೆ, ಅದಕ್ಕೆ ನಾವು ಫ್ಲ್ಯಾಶ್ ಅಂತೀವಿ. ಹೊಸ ಡೈಯಲ್ಲಿ ಆ ಗೆರೆ ಕೂದಲಿನಷ್ಟು. ಅಸಲು ಗೊಂಬೆಯಿಂದಲೇ ಅಚ್ಚು ತೆಗೆದು ಮಾಡಿದ ನಕಲಿಯಲ್ಲಿ ಗೆರೆ ದಪ್ಪ, ಹಲ್ಲು ಉಗುರುಗಳು ಮೊಂಡು, ಗಾತ್ರವೂ ಸ್ವಲ್ಪ ಕಮ್ಮಿ. ಬಿಸಿ ರಬ್ಬರ್ ಆರುವಾಗ ಕುಗ್ಗುತ್ತೆ ನೋಡಿ, ಹಾಗಾಗಿ ನಕಲು ಯಾವಾಗಲೂ ಅಸಲಿಗಿಂತ ಚಿಕ್ಕದು. ಅಸಲು ಒಂದನ್ನು ಪಕ್ಕದಲ್ಲಿ ನಿಲ್ಲಿಸಿದರೆ ತಕ್ಷಣ ಗೊತ್ತಾಗುತ್ತೆ.

ನಿಮ್ಮ ಕಾಳಿ ಬಂದಿರೋದು ಮಾನ್‌ಸ್ಟರ್ ಇನ್ ಮೈ ಪಾಕೆಟ್ ಸರಣಿಯಿಂದ ಇರಬೇಕು. 1990ರ ಹೊತ್ತಿಗೆ ಮ್ಯಾಚ್‌ಬಾಕ್ಸ್ ಅನ್ನೋ ಆಟಿಕೆ ಕಂಪನಿ ತಂದದ್ದು. ಮೊದಲ ಸಾಲಿನಲ್ಲಿ 48 ಮರಿಗಳು, ಪ್ರತಿಯೊಂದಕ್ಕೂ ಅಂಕ. ಬೇರೆ ಬೇರೆ ದೇಶದ ಪುರಾಣಗಳಿಂದ ಹೆಸರು ಆರಿಸಿದರು. ಹಾಗೆ ಆರಿಸುವಾಗ ಕಾಳಿಯನ್ನೂ, ಆಮೇಲೆ ಗಣೇಶನನ್ನೂ ರಾಕ್ಷಸರ ಸಾಲಿಗೆ ಸೇರಿಸಿಬಿಟ್ಟರು. ಹಿಂದೂಗಳು ಪ್ರತಿಭಟಿಸಿದರು. ಪ್ರತಿಭಟಿಸಿದ್ದು ಸರಿ ಅಂತಲೇ ನನ್ನ ಅಭಿಪ್ರಾಯ. ದೇವರಿಗೆ ನಾಲ್ಕು ಕೈ, ಆನೆಯ ಮುಖ ಇದ್ದ ಮಾತ್ರಕ್ಕೆ ಭೂತ ಅನ್ನೋದಾ? ನಾವು ದಿನಾ ಕೈ ಮುಗಿಯುವವರು.

ನನ್ನ ಹತ್ತಿರವೂ ಆ ಕಾಳಿ ಇದೆ. ಬಂದ ದಿನವೇ ನನ್ನ ಹೆಂಡತಿ ಅದನ್ನು ಭೂತಗಳ ಡಬ್ಬದಿಂದ ತೆಗೆದು, ಬೇರೆ ಪುಟ್ಟ ಭರಣಿಯಲ್ಲಿ ಹತ್ತಿ ಹಾಕಿ ಕೂರಿಸಿದಳು. ಈಗಲೂ ಅಲ್ಲೇ ಇದೆ. ನೀವೂ ಇಟ್ಟುಕೊಳ್ಳಿ, ಬೇರೆಯಾಗಿ ಇಟ್ಟುಕೊಳ್ಳಿ.

ಪ್ರಶ್ನೆ: ಬೆಂಗಳೂರಿನಲ್ಲಿ ಹಳೇ ರಬ್ಬರ್ ಆಟಿಕೆ ಎಲ್ಲಿ ಸಿಗುತ್ತೆ?
— ಡಿ. ಎಚ್., ಬಾಣಸವಾಡಿ

ಮೊದಲು ನೆಂಟರ ಮನೆ. ತಮಾಷೆಗೆ ಹೇಳುತ್ತಿಲ್ಲ. ಎಂಬತ್ತು, ತೊಂಬತ್ತರ ದಶಕದಲ್ಲಿ ಗಲ್ಫಿಗೋ ಅಮೆರಿಕಕ್ಕೋ ಹೋಗಿ ಬಂದವರು ಯಾರ ಮನೆಯಲ್ಲಿದ್ದರೋ ಆ ಮನೆಯ ಅಟ್ಟ ಕೇಳಿ. ನನ್ನ ಒಳ್ಳೇ ಗೊಂಬೆಗಳಲ್ಲಿ ಅರ್ಧ ಬಂದಿರೋದು ಹಾಗೇ. ಮದುವೆ ಮನೆಯಲ್ಲಿ ಮಾತು ತೆಗೆದರೆ ಸಾಕು, ಯಾರಾದರೂ ‘ನಮ್ಮ ಮನೇಲೂ ಒಂದಿತ್ತು’ ಅಂತಾರೆ.

ಆಮೇಲೆ ಚಿಕ್ಕಪೇಟೆ ಕಡೆಯ ಸಂಡೇ ಬಜಾರ್. ಭಾನುವಾರ ಬೆಳಗ್ಗೆ ಬೇಗ ಹೋಗಿ, ಬಿಸಿಲು ಏರಿದರೆ ನೆಲದ ಮೇಲೆ ಹರಡಿದ ರಬ್ಬರ್ ಎಲ್ಲ ಮೆತ್ತಗಾಗಿರುತ್ತೆ. ಆಟಿಕೆ ಅಂತ ಕೇಳಬೇಡಿ, ಕೇಳಿದರೆ ಹೊಸ ಮಾಲು ತೋರಿಸ್ತಾರೆ. ಚಾರ್ಜರ್, ನಲ್ಲಿ, ಗಡಿಯಾರದ ನಡುವೆ ಒಂದು ಮೂಟೆ ಇರುತ್ತೆ, ಅದರ ತಳ ನೋಡಿ. 2011ರಲ್ಲಿ ಅಂಥ ಒಂದು ಮೂಟೆಯಲ್ಲಿ, ಮುರಿದ ಟೆಲಿಫೋನ್ ಕೆಳಗೆ, ಹಸಿರು ಬಣ್ಣದ ಬೆರಳ ಭೂತ ಸಿಕ್ಕಿತು. ಒಂದು ಕಿವಿ ಇರಲಿಲ್ಲ. 40 ರೂಪಾಯಿ ಕೊಟ್ಟೆ. ಬಸವನಗುಡಿಯ ಕಡಲೆಕಾಯಿ ಪರಿಷೆಯಲ್ಲೂ ಆಟಿಕೆ ಬರುತ್ತವೆ, ಆದರೆ ಅವು ಹೊಸವು. ಹಳತು ಹುಡುಕಲು ಅಲ್ಲಿಗೆ ಹೋಗಬೇಡಿ, ಕಡಲೆಕಾಯಿಗೆ ಹೋಗಿ.

ಹೊರದೇಶದಿಂದ ತರಿಸುವವರು ಸುಂಕದ ಲೆಕ್ಕ ಮೊದಲೇ ಕೇಳಿಕೊಳ್ಳಿ. ಆಟಿಕೆಗಳ ಆಮದು ಸುಂಕ 2020ರಲ್ಲಿ ಶೇ 20ರಿಂದ ಶೇ 60ಕ್ಕೆ, 2023ರಲ್ಲಿ ಶೇ 70ಕ್ಕೆ ಏರಿತು. ಪಾರ್ಸಲ್ ಬಾಗಿಲಿಗೆ ಬಂದ ಮೇಲೆ ಗಾಬರಿ ಬೇಡ.

ಪ್ರಶ್ನೆ: ನನಗೆ 74 ವರ್ಷ. ಪ್ರತಿ ದಸರಾಕ್ಕೆ ಗೊಂಬೆ ಕೂರಿಸುತ್ತೇನೆ. ಏಳು ವರ್ಷದ ಮೊಮ್ಮಗ ಅವನ ಅಪ್ಪನ ಹಳೇ ರಬ್ಬರ್ ರಾಕ್ಷಸನನ್ನೂ ಪಟ್ಟದ ಗೊಂಬೆ ಜೊತೆ ಇಡಬೇಕು ಅಂತ ಹಟ ಮಾಡುತ್ತಿದ್ದಾನೆ. ಅದನ್ನೇ ಕೈಗೆ ಹಾಕಿಕೊಂಡು ದಿನವೂ ಆಡುತ್ತಾನೆ. ಇಡಬಹುದಾ? ಆಡಬಹುದಾ?
— ಒಬ್ಬ ಅಜ್ಜಿ, ಗಾಂಧಿ ಬಜಾರ್

ಅಮ್ಮಾ, ಇಡಿ. ಖಂಡಿತ ಇಡಿ. ಪಟ್ಟದ ಗೊಂಬೆಯ ಪಕ್ಕ ಬೇಡ, ಕೆಳಗಿನ ಮೆಟ್ಟಿಲಲ್ಲಿ ಅವನಿಗೊಂದು ಜಾಗ ಕೊಡಿ. ದಸರಾ ಅಂದರೇ ಮಹಿಷಾಸುರನ ಕತೆ ಅಲ್ವಾ? ರಾಕ್ಷಸ ಇಲ್ಲದೆ ಅಲ್ಲಿ ಏನಿದೆ? ಯಕ್ಷಗಾನದಲ್ಲಿ ಬಣ್ಣದ ವೇಷ ಬರುವಾಗ ಮಕ್ಕಳು ಹೆದರಿ ಅಮ್ಮನ ಸೆರಗಿನಲ್ಲಿ ಅಡಗುತ್ತಾರೆ, ಅಲ್ಲಿಂದಲೇ ಇಣುಕಿ ನೋಡುತ್ತಾರೆ. ನಿಮ್ಮ ಮೊಮ್ಮಗನೂ ಹಾಗೇ ಇಣುಕಿ ನೋಡುತ್ತಿದ್ದಾನೆ.

ಇಡುವಾಗ ಮೂರು ಎಚ್ಚರ. ದೀಪದಿಂದ ದೂರ ಇರಲಿ, ಕಾವೂ ಆಗದು, ಎಣ್ಣೆ ಹನಿಯೂ ಆಗದು. ಮೆಟ್ಟಿಲಿಗೆ ಹಾಸಿದ ಬಣ್ಣದ ಬಟ್ಟೆಯ ಮೇಲೆ ನೇರ ಕೂರಿಸಬೇಡಿ, ಕೆಳಗೆ ಗಾಜಿನ ತಟ್ಟೆ ಇಡಿ. ಚನ್ನಪಟ್ಟಣದ ಅರಗಿನ ಬಣ್ಣದ ಗೊಂಬೆಗಳಿಗೆ ತಾಗದ ಹಾಗೆ ನಾಲ್ಕು ಬೆರಳು ಬಿಡಿ. ರಬ್ಬರ್ ಬೆವರಿದರೆ ಆ ಬಣ್ಣ ಎದ್ದು ಬರಬಹುದು.

ಆಡೋದರ ಬಗ್ಗೆ ಮಾತ್ರ ನಾನು ಕಟ್ಟುನಿಟ್ಟು. ಹಳೇ ಆಟಿಕೆಯ ಬಣ್ಣದಲ್ಲಿ ಸೀಸ ಇರಬಹುದು. ಮೆತ್ತನೆ ಪಿವಿಸಿಯ ಬೆವರು ಬಾಯಿಗೆ ಹೋಗಬಾರದು. ದಿನವೂ ಆಡಲು ಅವನಿಗೆ ಐಎಸ್‌ಐ ಗುರುತಿರುವ ಹೊಸದೊಂದು ಕೊಡಿಸಿ. 2021ರಿಂದ ನಮ್ಮಲ್ಲಿ ಮಾರುವ ಆಟಿಕೆಗೆ ಆ ಗುರುತು ಕಡ್ಡಾಯ. ಮನೆಯಲ್ಲಿ ಇನ್ನೂ ಚಿಕ್ಕ ಮಗು ಇದ್ದರೆ ಬೆರಳ ಭೂತ, ಮರಿಗಳನ್ನೆಲ್ಲ ಎತ್ತರದಲ್ಲಿಡಿ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತವೆ.

ಆದರೆ ಅಪ್ಪನ ರಾಕ್ಷಸನನ್ನು ಪೂರ್ತಿ ಕಿತ್ತುಕೊಳ್ಳಬೇಡಿ ಅಮ್ಮಾ. 1986ರಲ್ಲಿ ನನ್ನ ಭಾವ ಮಸ್ಕತ್‌ನಿಂದ ನನ್ನ ಮಗನಿಗೆ ಐದು ಬೆರಳ ಭೂತ ತಂದುಕೊಟ್ಟರು. ಅದರಲ್ಲಿ ಒಂದು ಕತ್ತಲಲ್ಲಿ ಮಿನುಗುವುದು. ಆಗ ರಾತ್ರಿ ಹೊತ್ತು ಕರೆಂಟ್ ಹೋಗುತ್ತಿತ್ತು. ಹೋದ ಕೂಡಲೇ ಅವನು ಅದನ್ನು ತೋರುಬೆರಳಿಗೆ ಹಾಕಿಕೊಂಡು ‘ಗುಮ್ಮ ಬಂತು’ ಅಂತ ಅಡುಗೆಮನೆಗೆ ಬರುತ್ತಿದ್ದ. ಹಸಿರು ಚುಕ್ಕೆಯೊಂದು ಗಾಳಿಯಲ್ಲಿ ತೇಲಿ ಬಂದ ಹಾಗೆ ಕಾಣುತ್ತಿತ್ತು. ಅವನಮ್ಮ ಒಲೆ ಮುಂದೆ ಕೂತು ಪ್ರತಿ ಸಲವೂ ಹೆದರುತ್ತಿದ್ದಳು. ಆ ಭೂತ ಈಗ ಹೊಳೆಯೋದಿಲ್ಲ, ತುದಿ ಬಿರುಕು ಬಿಟ್ಟಿದೆ. ಮಗ ಊರಿಗೆ ಬಂದಾಗ ಬೀರು ತೆಗೆದು ಮೊದಲು ಕೇಳೋದು ಅದನ್ನೇ. ಬೆರಳು ಈಗ ಅದರೊಳಗೆ ಹೋಗೋದಿಲ್ಲ, ಉಗುರಿನ ಮೇಲೆ ಕೂರಿಸಿಕೊಳ್ಳುತ್ತಾನೆ.

ಹಬ್ಬದ ಒಂಬತ್ತು ದಿನ ಸಂಜೆ ಹತ್ತು ನಿಮಿಷ, ಮೊಮ್ಮಗನ ಕೈ ತೊಳೆಸಿ ಒರೆಸಿ, ನಿಮ್ಮ ಎದುರಿಗೆ ಅವನು ಅದನ್ನು ಹಾಕಿಕೊಳ್ಳಲಿ. ಆಟ ಮುಗಿದ ಮೇಲೆ ಅವನ ಕೈಗೆ ಸೋಪು, ಗೊಂಬೆಗೆ ಒಣ ಬಟ್ಟೆ. ಗೊಂಬೆ ಕೂರಿಸಿದ ಮೇಲೆ ಒಂದು ಫೋಟೋ ಕಳಿಸಿಕೊಡಿ, ಅದರ ಬಾಯಿಯ ಮೂಲೆ ಕಾಣುವ ಹಾಗೆ ತೆಗೆಸಿ. ಯಾವ ರಬ್ಬರ್ ಅಂತ ನೋಡಿ ಬರೀತೀನಿ.